ಮೀನಿನ ಚರ್ಮದಿಂದ ಕೊಲಾಜನ್: ಮೀನು ಸಾಕುವ ರೈತರು ತಿಳಿದಿರಬೇಕಾದ ವಿಷಯಗಳು

ಕೆರೆ, ಕೊಳ ಮತ್ತು ಕೃಷಿ ಹೊಂಡಗಳಲ್ಲಿ ಮೀನು ಸಾಕುವ ರೈತರು ಮೀನನ್ನು ತೂಕದ ಲೆಕ್ಕದಲ್ಲಿ ಮಾರುತ್ತಾರೆ. ಆದರೆ ಈ ತೂಕವೆಲ್ಲವೂ ಊಟದ ತಟ್ಟೆಯನ್ನು ಸೇರುವುದಿಲ್ಲ. ತಿಲಾಪಿಯಾ ಮೀನಿನಿಂದ ಚರ್ಮ ಮತ್ತು ಮುಳ್ಳು ಬಿಡಿಸಿದ ಮಾಂಸವನ್ನು ತೆಗೆದರೆ 100 ಕಿಲೋ ಮೀನಿಗೆ ಸಿಗುವ ಮಾಂಸ ಮೂವತ್ತರಿಂದ ಮೂವತ್ತೇಳು ಕಿಲೋ ಮಾತ್ರ. ಉಳಿದದ್ದು ತಲೆ, ಮುಳ್ಳು, ಕರುಳು, ಹುರುಪೆ ಮತ್ತು ಚರ್ಮ. ಇದನ್ನು ಸಾಮಾನ್ಯವಾಗಿ ಗುಂಡಿಗೆ ಎಸೆಯುತ್ತಾರೆ, ಇಲ್ಲವೇ ನಾಯಿ ಕಾಗೆಗಳ ಪಾಲಿಗೆ ಬಿಡುತ್ತಾರೆ.

ಇದರಲ್ಲಿ ಚರ್ಮ ಮತ್ತು ಹುರುಪೆಗೆ ಇಂದು ಉದ್ಯಮಗಳಲ್ಲಿ ಬೇಡಿಕೆ ಇದೆ. ಅವುಗಳಲ್ಲಿರುವ ಕೊಲಾಜನ್ ಎಂಬ ಸಸಾರಜನಕ ವಸ್ತುವೇ ಇದಕ್ಕೆ ಕಾರಣ. ಈ ಸುದ್ದಿ ಕೇಳಿದ ಅನೇಕ ರೈತರು ಮತ್ತು ಸ್ವಸಹಾಯ ಸಂಘದವರು, "ನಾವೇ ಕೊಲಾಜನ್ ತಯಾರಿಸಬಹುದೇ? ಯಂತ್ರ ಕೊಳ್ಳಬೇಕೇ? ಸಾಲ ತೆಗೆಯಬಹುದೇ?" ಎಂದು ಕೇಳುವುದುಂಟು. ಸಾಲಕ್ಕೆ ಸಹಿ ಹಾಕುವ ಮೊದಲು ಕೊಲಾಜನ್ ಎಂದರೇನು, ಅದನ್ನು ಬೇರ್ಪಡಿಸುವುದು ಹೇಗೆ, ಅದರಲ್ಲಿ ಯಾವ ಕೆಲಸ ಹಳ್ಳಿಯಲ್ಲಿ ಆಗುವಂಥದು, ಯಾವುದು ಆಗದ್ದು ಎಂಬುದನ್ನು ಚೆನ್ನಾಗಿ ತಿಳಿದುಕೊಳ್ಳುವುದು ಅಗತ್ಯ. ಈ ಪಾಠದ ಉದ್ದೇಶ ಅದೇ.

ಕೊಲಾಜನ್ ಎಂದರೇನು?

ಪ್ರಾಣಿಗಳ ಚರ್ಮ, ಎಲುಬು, ಸ್ನಾಯುರಜ್ಜು ಮತ್ತು ಮೃದ್ವಸ್ಥಿಗಳನ್ನು ಹಿಡಿದು ನಿಲ್ಲಿಸುವ ನಾರಿನಂತಹ ಪ್ರೋಟೀನಿಗೆ ಕೊಲಾಜನ್ ಎನ್ನುತ್ತಾರೆ. ಅಂಟು ಎಂಬ ಅರ್ಥದ ಗ್ರೀಕ್ ಪದದಿಂದ ಈ ಹೆಸರು ಬಂದಿದೆ. ದನ, ಕುರಿ, ಮನುಷ್ಯ ಮುಂತಾದ ಸಸ್ತನಿಗಳ ದೇಹದಲ್ಲಿರುವ ಒಟ್ಟು ಪ್ರೋಟೀನಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಇದೇ ಇರುತ್ತದೆ.

ಇದರ ರಚನೆಯನ್ನು ತಿಳಿಯಲು ಮೂರು ಎಳೆಯ ಹುರಿ ಹಗ್ಗವನ್ನು ನೆನೆದುಕೊಂಡರೆ ಸಾಕು. ಕೊಲಾಜನ್ ಕಣವೂ ಮೂರು ಎಳೆಗಳನ್ನು ಒಟ್ಟಿಗೆ ಹೊಸೆದ ಹಗ್ಗವೇ. ಪ್ರತಿ ಎಳೆಯಲ್ಲಿ ಸುಮಾರು 1000 ಅಮೈನೋ ಆಮ್ಲಗಳು ಸರವಾಗಿ ಕೂಡಿಕೊಂಡಿವೆ. ಪ್ರತಿ ಮೂರನೆಯ ಮಣಿ ಗ್ಲೈಸಿನ್ ಎಂಬ ಅತಿ ಚಿಕ್ಕ ಅಮೈನೋ ಆಮ್ಲ. ಅದು ಚಿಕ್ಕದಾಗಿರುವುದರಿಂದಲೇ ಮೂರು ಎಳೆಗಳು ಒತ್ತೊತ್ತಾಗಿ ಹೊಸೆದುಕೊಳ್ಳಲು ಸಾಧ್ಯವಾಗಿದೆ. ಪ್ರೋಲಿನ್ ಮತ್ತು ಹೈಡ್ರಾಕ್ಸಿಪ್ರೋಲಿನ್ ಎಂಬ ಬೇರೆ ಎರಡು ಅಮೈನೋ ಆಮ್ಲಗಳು ಈ ಹುರಿ ಬಿಚ್ಚಿಹೋಗದಂತೆ ಬಿಗಿ ಕೊಡುತ್ತವೆ.

ಕೊಲಾಜನ್, ಜೆಲಟಿನ್, ಪೆಪ್ಟೈಡ್: ವ್ಯತ್ಯಾಸ ತಿಳಿಯಿರಿ

ಮಾರುಕಟ್ಟೆಯಲ್ಲಿ ಈ ಮೂರು ಹೆಸರುಗಳನ್ನೂ ಒಂದೇ ಎಂಬಂತೆ ಬಳಸುವುದುಂಟು. ಅವು ಒಂದೇ ಅಲ್ಲ.

1. ಕೊಲಾಜನ್: ಮೂರು ಎಳೆಯ ಹುರಿ ಬಿಚ್ಚದೆ ಹಾಗೇ ಉಳಿದಿರುವ ವಸ್ತು. ಗಾಯಕ್ಕೆ ಹಾಕುವ ಪದರ, ದಂತ ಚಿಕಿತ್ಸೆಯ ಪೊರೆ ಮುಂತಾದ ವೈದ್ಯಕೀಯ ಉಪಯೋಗಕ್ಕೆ ಇದೇ ಬೇಕು. ತಯಾರಿಕೆ ಕಷ್ಟ, ಬೆಲೆ ಹೆಚ್ಚು.

2. ಜೆಲಟಿನ್: ಬಿಸಿಯಿಂದ ಹುರಿ ಬಿಚ್ಚಿ ಎಳೆಗಳು ಬೇರೆಬೇರೆಯಾದ ವಸ್ತು. ನಿನ್ನೆಯ ಮೀನು ಸಾರು ತಣ್ಣಗಾದ ಮೇಲೆ ಲೋಳೆಯಂತೆ ಗಟ್ಟಿಯಾಗುವುದನ್ನು ನೀವು ಕಂಡಿರಬಹುದು. ಅದು ಜೆಲಟಿನ್ನಿನ ಗುಣ. ಮಿಠಾಯಿ, ಔಷಧದ ಗುಳಿಗೆಯ ಕವಚ ಮುಂತಾದವುಗಳಿಗೆ ಇದು ಬೇಕು.

3. ಕೊಲಾಜನ್ ಪೆಪ್ಟೈಡ್: ಬಿಚ್ಚಿದ ಎಳೆಗಳನ್ನು ಕಿಣ್ವಗಳಿಂದ ಚಿಕ್ಕ ತುಂಡುಗಳಾಗಿ ಕತ್ತರಿಸಿದ ಪುಡಿ. ಇದು ತಣ್ಣೀರಿನಲ್ಲಿಯೂ ಕರಗುತ್ತದೆ, ಗಟ್ಟಿಯಾಗುವುದಿಲ್ಲ. ಔಷಧಿ ಅಂಗಡಿಗಳಲ್ಲಿ ಪೋಷಕಾಹಾರವೆಂದು ಡಬ್ಬಿಯಲ್ಲಿ ಮಾರುವ ಕೊಲಾಜನ್ ಪುಡಿ ಬಹುಮಟ್ಟಿಗೆ ಇದೇ.

ಹಗ್ಗ, ಬಿಚ್ಚಿದ ಎಳೆ, ಕತ್ತರಿಸಿದ ತುಂಡು ಎಂದು ನೆನಪಿಟ್ಟುಕೊಳ್ಳಿ. ಹಗ್ಗದಿಂದ ಎಳೆಯನ್ನೂ ಎಳೆಯಿಂದ ತುಂಡನ್ನೂ ಮಾಡಬಹುದು. ತುಂಡಿನಿಂದ ಮತ್ತೆ ಹಗ್ಗ ಹೊಸೆಯಲು ಬರುವುದಿಲ್ಲ. ಬಿಸಿಲಿನಲ್ಲಿ ಬಿದ್ದು ಕೊಳೆಯಲಾರಂಭಿಸಿದ ಚರ್ಮದಲ್ಲಿ ಈ ಕತ್ತರಿಸುವ ಕೆಲಸವನ್ನು ಸೂಕ್ಷ್ಮಜೀವಿಗಳೇ ಮಾಡಿ ಮುಗಿಸಿರುತ್ತವೆ. ಅಂಥ ಚರ್ಮದಿಂದ ಯಾವ ಕಾರ್ಖಾನೆಯೂ ಒಳ್ಳೆಯ ಕೊಲಾಜನ್ ತೆಗೆಯಲಾರದು.

ಮೀನಿನ ಕೊಲಾಜನ್‌ಗೆ ಬೇಡಿಕೆ ಏಕೆ?

ಬಹುಕಾಲದಿಂದ ಕೊಲಾಜನ್ ಮತ್ತು ಜೆಲಟಿನ್‌ಗಳನ್ನು ದನ ಮತ್ತು ಹಂದಿಗಳ ಚರ್ಮ, ಎಲುಬುಗಳಿಂದ ತಯಾರಿಸುತ್ತಿದ್ದಾರೆ. 1986ರಲ್ಲಿ ಬ್ರಿಟನ್ನಿನಲ್ಲಿ ದನಗಳ ಮೆದುಳಿಗೆ ತಗಲುವ ಹುಚ್ಚು ಹಸು ರೋಗವನ್ನು ಗುರುತಿಸಲಾಯಿತು. ಆ ನಂತರ ದನದ ಮೂಲದ ಪದಾರ್ಥಗಳ ಬಗ್ಗೆ ಭಯ ಹುಟ್ಟಿತು. ಧಾರ್ಮಿಕ ಕಾರಣಗಳಿಂದ ಹಂದಿ ಅಥವಾ ದನದ ಪದಾರ್ಥ ಬೇಡವೆನ್ನುವ ಜನರೂ ಬಹಳ. ಆದುದರಿಂದ ತಯಾರಕರ ದೃಷ್ಟಿ ಮೀನಿನ ಕಡೆ ತಿರುಗಿತು.

ವೈದ್ಯಕೀಯದಲ್ಲಿಯೂ ಮೀನಿನ ಚರ್ಮ ಹೆಸರು ಮಾಡಿದೆ. ಐಸ್‌ಲೆಂಡಿನ ಕಂಪನಿಯೊಂದು ಕಾಡ್ ಮೀನಿನ ಚರ್ಮದಿಂದ ತಯಾರಿಸಿದ ಗಾಯದ ಪಟ್ಟಿಗೆ 2013ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಒಪ್ಪಿಗೆ ದೊರೆಯಿತು. ಬ್ರೆಜಿಲ್ ದೇಶದ ಫೋರ್ಟಲೆಜಾ ನಗರದ ವೈದ್ಯರು ಸುಟ್ಟ ಗಾಯಗಳ ಮೇಲೆ ತಿಲಾಪಿಯಾ ಮೀನಿನ ಚರ್ಮವನ್ನು ಹೊದಿಸಿ ಚಿಕಿತ್ಸೆ ಮಾಡಿದ್ದಾರೆ. ಆ ಚರ್ಮವನ್ನು ಹಲವು ಹಂತಗಳಲ್ಲಿ ಶುದ್ಧಮಾಡಿ ಕ್ರಿಮಿರಹಿತಗೊಳಿಸಿರುತ್ತಾರೆ. ಸುದ್ದಿ ಓದಿ ಹಸಿ ಮೀನಿನ ಚರ್ಮವನ್ನು ಗಾಯದ ಮೇಲೆ ಎಂದಿಗೂ ಹಾಕಬಾರದು. ನಂಜೇರಿ ಪ್ರಾಣಕ್ಕೆ ಅಪಾಯವಾದೀತು.

ನಮ್ಮ ಕೊಳದ ಮೀನಿನ ವಿಶೇಷ

ಎಲ್ಲ ಮೀನುಗಳ ಕೊಲಾಜನ್ ಒಂದೇ ಗುಣದ್ದಲ್ಲ. ಮೀನು ಯಾವ ನೀರಿನಲ್ಲಿ ಬದುಕುತ್ತದೆಯೋ ಆ ನೀರಿನ ಬಿಸಿಗೆ ತಕ್ಕಂತೆ ಅದರ ಕೊಲಾಜನ್ ಹುರಿಯ ಬಿಗಿ ಇರುತ್ತದೆ. ತಣ್ಣನೆಯ ಸಮುದ್ರದ ಕಾಡ್ ಮೀನಿನ ಕೊಲಾಜನ್ ದ್ರಾವಣದಲ್ಲಿ ಸುಮಾರು 15 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಬಿಚ್ಚಿಕೊಳ್ಳುತ್ತದೆ. ದನದ ಕೊಲಾಜನ್ ಸುಮಾರು 40 ಡಿಗ್ರಿಯವರೆಗೆ ತಡೆಯುತ್ತದೆ. ಬೆಚ್ಚಗಿನ ನೀರಿನಲ್ಲಿ ಬೆಳೆಯುವ ನಮ್ಮ ಕಾಟ್ಲಾ, ರೋಹು ಮೀನುಗಳದು ಸುಮಾರು 35ರಿಂದ 37 ಡಿಗ್ರಿಯವರೆಗೆ ತಡೆಯುತ್ತದೆ. ಬಿಸಿನೀರಿನ ಮೀನುಗಳಲ್ಲಿ ಬಿಗಿ ಕೊಡುವ ಹೈಡ್ರಾಕ್ಸಿಪ್ರೋಲಿನ್ ಹೆಚ್ಚಾಗಿರುವುದೇ ಇದಕ್ಕೆ ಮುಖ್ಯ ಕಾರಣ.

ಈ ದೃಷ್ಟಿಯಿಂದ ನಮ್ಮ ಕೆರೆ ಕೊಳಗಳ ಮೀನು ಶೀತ ಸಮುದ್ರದ ಮೀನಿಗಿಂತ ಮೇಲು. ಆದರೆ ಚರ್ಮವನ್ನು ಹೊರಗಿನ ಬಿಸಿಗೆ ಬಿಡಬಹುದೆಂದು ಇದರ ಅರ್ಥವಲ್ಲ. ಹುರಿ ಬಿಸಿಗೆ ಬಿಚ್ಚದಿದ್ದರೂ ಸೂಕ್ಷ್ಮಜೀವಿಗಳೂ ಕರುಳಿನ ಜೀರ್ಣರಸವೂ ಅದನ್ನು ಕೆಡಿಸುತ್ತವೆ. ನಮ್ಮ ಹವೆಯಲ್ಲಿ ಈ ಕೆಲಸ ಬಹಳ ಬೇಗ ನಡೆಯುತ್ತದೆ.

ಯಾವ ಭಾಗದಲ್ಲಿ ಎಷ್ಟು?

2000ದಲ್ಲಿ ಜಪಾನಿನ ನಾಗಾಯ್ ಮತ್ತು ಸುಜುಕಿ ಎಂಬ ವಿಜ್ಞಾನಿಗಳು ಕೆಲವು ಸಮುದ್ರ ಮೀನುಗಳ ತ್ಯಾಜ್ಯವನ್ನು ಪರೀಕ್ಷಿಸಿ, ಚರ್ಮದ ಒಣ ತೂಕದ ಸುಮಾರು ಅರ್ಧದಷ್ಟು ಕೊಲಾಜನ್ ಪಡೆದರು. ಇಲ್ಲಿ ಒಣ ತೂಕ ಎಂಬ ಮಾತನ್ನು ಗಮನಿಸಿ. ಹಸಿ ಚರ್ಮದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ನೀರೇ ಇರುತ್ತದೆ. ಹತ್ತು ಕಿಲೋ ಹಸಿ ಚರ್ಮವೆಂದರೆ ಸುಮಾರು ಮೂರು ಕಿಲೋ ಒಣ ಪದಾರ್ಥ. ಅದರಲ್ಲಿ ಅರ್ಧವೆಂದರೆ ಒಂದೂವರೆ ಕಿಲೋ. ಇದು ಪ್ರಯೋಗಾಲಯದ ಲೆಕ್ಕ. ಕೈಗೆ ಬರುವುದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ.

ಹುರುಪೆಯಲ್ಲಿಯೂ ಒಳ್ಳೆಯ ಪ್ರಮಾಣದ ಕೊಲಾಜನ್ ಇದೆ. ಆದರೆ ಅದರ ತೂಕದ ಹೆಚ್ಚೂ ಕಡಿಮೆ ಅರ್ಧ ಭಾಗ ಎಲುಬಿನಲ್ಲಿರುವಂತಹ ಸುಣ್ಣದ ಲವಣ. ಅದನ್ನು ಮೊದಲು ಆಮ್ಲದಿಂದ ಕರಗಿಸಿ ತೆಗೆಯಬೇಕು.

ನಮ್ಮ ಊರುಗಳಲ್ಲಿ ಕಾಟ್ಲಾ, ರೋಹುಗಳನ್ನು ಚರ್ಮಸಮೇತ ತುಂಡುಮಾಡಿ ಮಾರುವುದು ರೂಢಿ. ಹಾಗಾಗಿ ಅವುಗಳಿಂದ ನಿಮಗೆ ಸಿಗುವುದು ಮುಖ್ಯವಾಗಿ ಹುರುಪೆ. ಚರ್ಮ ಸಿಗಬೇಕಾದರೆ ಪಂಗಾಸಿಯಸ್, ತಿಲಾಪಿಯಾಗಳಂತಹ ಮೀನಿನ ಚರ್ಮ ಸುಲಿದು ಮಾಂಸ ಮಾರುವ ವ್ಯವಸ್ಥೆ ಇರಬೇಕು. ಕರಾವಳಿಯಲ್ಲಿ ತೊರಕೆ, ನಂಗು ಮುಂತಾದ ಮೀನುಗಳ ಚರ್ಮವನ್ನು ಸುಲಿಯುವ ಪದ್ಧತಿ ಮೊದಲಿನಿಂದಲೂ ಇದೆ. ನಿಮ್ಮಲ್ಲಿ ಯಾವ ಮೀನು, ವಾರಕ್ಕೆ ಎಷ್ಟು ಚರ್ಮ ಅಥವಾ ಹುರುಪೆ ಸಿಗುತ್ತದೆ ಎಂದು ಒಂದು ತಿಂಗಳು ತೂಗಿ ಬರೆದಿಡಿ. ಮುಂದಿನ ಯೋಚನೆಗೆಲ್ಲ ಈ ಲೆಕ್ಕವೇ ತಳಹದಿ.

ಕೊಲಾಜನ್ ಬೇರ್ಪಡಿಸುವ ಕ್ರಮ

ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಅನುಸರಿಸುವ ವಿಧಾನ ಹೀಗಿದೆ. ಪ್ರಾರಂಭದಿಂದ ಕೊನೆಯವರೆಗೂ ಕೆಲಸವನ್ನು ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ನಡೆಸುತ್ತಾರೆ.

1. ಶುದ್ಧಿ: ಚರ್ಮಕ್ಕೆ ಅಂಟಿದ ಮಾಂಸ ಮತ್ತು ಹುರುಪೆಯನ್ನು ಕೆರೆದು ತೆಗೆದು, ತಣ್ಣೀರಿನಲ್ಲಿ ತೊಳೆದು, ಚಿಕ್ಕ ಚೂರುಗಳಾಗಿ ಕತ್ತರಿಸುತ್ತಾರೆ.

2. ಕ್ಷಾರದಲ್ಲಿ ನೆನೆಸುವುದು: ಲೀಟರಿಗೆ 4 ಗ್ರಾಂ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಚರ್ಮದ ಹತ್ತು ಪಟ್ಟು ಹಾಕಿ, ಆಗಾಗ ನೀರು ಬದಲಿಸುತ್ತ ಒಂದು ದಿನ ಅಥವಾ ಹೆಚ್ಚು ಕಾಲ ನೆನೆಸುತ್ತಾರೆ. ಬೇರೆ ಪ್ರೋಟೀನುಗಳೂ ಬಣ್ಣವೂ ಇದರಲ್ಲಿ ಬಿಟ್ಟುಹೋಗುತ್ತವೆ. ಕೊಲಾಜನ್ ಮಾತ್ರ ಚರ್ಮದಲ್ಲಿಯೇ ಉಳಿಯುತ್ತದೆ. ಅನಂತರ ಕ್ಷಾರದ ಅಂಶ ಹೋಗುವವರೆಗೆ ತೊಳೆಯುತ್ತಾರೆ.

3. ಕೊಬ್ಬು ತೆಗೆಯುವುದು: ಶೇ. 10ರ ಬ್ಯೂಟೈಲ್ ಆಲ್ಕೋಹಾಲಿನಲ್ಲಿ ನೆನೆಸಿ ಕೊಬ್ಬನ್ನು ಹೋಗಲಾಡಿಸಿ ಮತ್ತೆ ತೊಳೆಯುತ್ತಾರೆ. ಇದು ಬೆಂಕಿ ಹಿಡಿಯುವ ವಸ್ತು.

4. ಆಮ್ಲದಲ್ಲಿ ಕರಗಿಸುವುದು: ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲವನ್ನು ಲೀಟರಿಗೆ 30 ಗ್ರಾಂ ಬೆರೆಸಿದ ನೀರಿನಲ್ಲಿ ಎರಡು ಮೂರು ದಿನ ಇಡುತ್ತಾರೆ. ಚರ್ಮ ಉಬ್ಬಿ ಗಾಜಿನಂತಾಗಿ, ಕೊಲಾಜನ್ ನಿಧಾನವಾಗಿ ನೀರಿಗೆ ಬಿಡುತ್ತದೆ. ತೆಳು ಬಟ್ಟೆಯಲ್ಲಿ ಸೋಸಿದರೆ ದೊರೆಯುವ ಗಟ್ಟಿ ದ್ರವದಲ್ಲಿ ಕೊಲಾಜನ್ ಇರುತ್ತದೆ.

5. ಉಪ್ಪಿನಿಂದ ಒಡೆಸುವುದು: ಈ ದ್ರವಕ್ಕೆ ಲೀಟರಿಗೆ ಸುಮಾರು 53 ಗ್ರಾಂನಂತೆ ಉಪ್ಪು ಹಾಕಿದರೆ, ಹಾಲು ಒಡೆದಂತೆ ಕೊಲಾಜನ್ ಬಿಳಿಯಾಗಿ ಬೇರ್ಪಡುತ್ತದೆ. ಅದನ್ನು ವೇಗವಾಗಿ ತಿರುಗುವ ಯಂತ್ರದಲ್ಲಿ ಹಾಕಿ ತಳಕ್ಕೆ ಇಳಿಸುತ್ತಾರೆ.

6. ಉಪ್ಪು ಕಳೆದು ಒಣಗಿಸುವುದು: ಬೇರ್ಪಟ್ಟ ಕೊಲಾಜನ್‌ನ್ನು ಮತ್ತೆ ಆಮ್ಲದಲ್ಲಿ ಕರಗಿಸಿ, ಸೂಕ್ಷ್ಮ ರಂಧ್ರಗಳ ಪೊರೆಯ ಚೀಲದಲ್ಲಿ ತುಂಬಿ, ಎರಡು ಮೂರು ದಿನ ನೀರಿನಲ್ಲಿಟ್ಟು ಉಪ್ಪನ್ನೂ ಆಮ್ಲವನ್ನೂ ಹೊರಹಾಕುತ್ತಾರೆ. ಕೊನೆಗೆ ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಒಣಗಿಸುತ್ತಾರೆ. ಬಿಳಿಯ ಹತ್ತಿಯಂತಹ ಹಗುರವಾದ ಕೊಲಾಜನ್ ಸಿಗುತ್ತದೆ.

ಬಲಿತ ಮೀನಿನ ಚರ್ಮದಲ್ಲಿ ಎಳೆಗಳ ನಡುವಿನ ಕಟ್ಟು ಬಿಗಿಯಾಗಿರುವುದರಿಂದ ಆಮ್ಲವೊಂದರಿಂದಲೇ ಎಲ್ಲವೂ ಕರಗುವುದಿಲ್ಲ. ಉಳಿದ ಭಾಗಕ್ಕೆ ಪೆಪ್ಸಿನ್ ಎಂಬ ಕಿಣ್ವವನ್ನು ಸೇರಿಸಿ ಮತ್ತೊಮ್ಮೆ ಕರಗಿಸುತ್ತಾರೆ. ಪೆಪ್ಸಿನ್ ಹಗ್ಗದ ತುದಿಗಳ ಕಟ್ಟನ್ನು ಮಾತ್ರ ಕತ್ತರಿಸುತ್ತದೆ, ಮಧ್ಯದ ಹುರಿಗೆ ಧಕ್ಕೆ ಮಾಡುವುದಿಲ್ಲ.

ಇದನ್ನು ಹಳ್ಳಿಯಲ್ಲಿ ಮಾಡಬಹುದೇ?

ಮೇಲಿನ ಕ್ರಮದಲ್ಲಿ ಹತ್ತು ಕಿಲೋ ಚರ್ಮಕ್ಕೆ ಬೇಕಾಗುವುದನ್ನು ಲೆಕ್ಕ ಹಾಕೋಣ.

ಕ್ಷಾರದ ನೀರು ಒಂದು ಸಲಕ್ಕೆ 100 ಲೀಟರ್. ಮೂರು ಸಲ ಬದಲಿಸಿದರೆ 300 ಲೀಟರ್. ಕಾಸ್ಟಿಕ್ ಸೋಡಾ 1.2 ಕಿಲೋ.

ಕೊಬ್ಬು ತೆಗೆಯಲು 100 ಲೀಟರ್ ದ್ರಾವಣ. ಅದರಲ್ಲಿ ಬ್ಯೂಟೈಲ್ ಆಲ್ಕೋಹಾಲ್ 10 ಲೀಟರ್.

ಆಮ್ಲದ ನೀರು 100 ಲೀಟರ್. ಅಸಿಟಿಕ್ ಆಮ್ಲ 3 ಕಿಲೋ.

ಉಪ್ಪು 5 ಕಿಲೋಗೂ ಹೆಚ್ಚು.

ನಡುನಡುವೆ ತೊಳೆಯಲು ಬೇಕಾದ ನೀರು ಬೇರೆ. ವಾರಕ್ಕೂ ಮಿಕ್ಕಿ ಎಲ್ಲವನ್ನೂ 4 ಡಿಗ್ರಿಯಲ್ಲಿ ಇಡುವ ಶೀತಕೋಣೆಯ ವಿದ್ಯುತ್ ಖರ್ಚು ಬೇರೆ. ಯಂತ್ರಗಳ ಬೆಲೆ ಬೇರೆ. ಇಷ್ಟಾದ ಮೇಲೆ ಕೈಗೆ ಬರುವುದು ಹೆಚ್ಚೆಂದರೆ ಒಂದೂವರೆ ಕಿಲೋ ಪದಾರ್ಥ. ಅದರ ಶುದ್ಧತೆಯನ್ನು ಪರೀಕ್ಷಿಸಿದ ಪ್ರಮಾಣಪತ್ರವಿಲ್ಲದೆ ಔಷಧ ಅಥವಾ ಆಹಾರ ತಯಾರಕರು ಅದನ್ನು ಕೊಳ್ಳುವುದಿಲ್ಲ. ಆಹಾರವಾಗಿ ಮಾರಬೇಕಾದರೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಪರವಾನಗಿಯೂ ಬೇಕು.

ಇನ್ನೊಂದು ವಿಷಯವನ್ನು ರೈತರಾದ ನೀವು ವಿಶೇಷವಾಗಿ ಗಮನಿಸಬೇಕು. ಈ ಕೆಲಸದಿಂದ ಹೊರಬರುವ ನೂರಾರು ಲೀಟರ್ ನೀರು ಎಲ್ಲಿಗೆ ಹೋಗಬೇಕು? ಕ್ಷಾರದ ನೀರಿಗೆ ಆಮ್ಲದ ನೀರನ್ನು ಬೆರೆಸಿ ಅದರ ತೀಕ್ಷ್ಣತೆಯನ್ನು ಕಳೆಯಬಹುದು. ಆದರೆ ಕಾಸ್ಟಿಕ್ ಸೋಡಾ ಮತ್ತು ಉಪ್ಪಿನಲ್ಲಿದ್ದ ಸೋಡಿಯಂ ಅಲ್ಲಿಯೇ ಉಳಿಯುತ್ತದೆ. ಸೋಡಿಯಂ ಸೇರಿದ ಮಣ್ಣು ನೀರು ಹಿಂಗದೆ ಗಟ್ಟಿಯಾಗುತ್ತದೆ. ತುಂಗಭದ್ರಾ, ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವಳು ಹತ್ತಿದ ಹೊಲಗಳನ್ನು ಕಂಡವರಿಗೆ ಇದರ ಪರಿಣಾಮವನ್ನು ಹೇಳಬೇಕಾಗಿಲ್ಲ. ಒಂದೂವರೆ ಕಿಲೋ ಪುಡಿಗಾಗಿ ತೋಟದ ಮಣ್ಣನ್ನೂ ಬಾವಿಯ ನೀರನ್ನೂ ಕೆಡಿಸಿಕೊಳ್ಳುವುದು ಜಾಣತನವಲ್ಲ.

ಆದುದರಿಂದ ಶುದ್ಧ ಕೊಲಾಜನ್ ತಯಾರಿಕೆ ತ್ಯಾಜ್ಯ ನೀರಿನ ಸಂಸ್ಕರಣೆಯುಳ್ಳ ಕಾರ್ಖಾನೆಯ ಕೆಲಸ. ಚಿಕ್ಕ ಯಂತ್ರವೊಂದನ್ನು ಕೊಟ್ಟು ಮನೆಯಲ್ಲಿಯೇ ಕೊಲಾಜನ್ ಮಾಡಿರೆಂದು ಹೇಳುವವರ ಮಾತಿಗೆ ಮರುಳಾಗಿ ಸಾಲ ಮಾಡಬೇಡಿ. ಕಾರ್ಖಾನೆಗೆ ಬೇಕಾದ ತಾಜಾ, ಶುದ್ಧ, ಬೇರ್ಪಡಿಸಿದ ಚರ್ಮ ಮತ್ತು ಹುರುಪೆಯನ್ನು ಒದಗಿಸುವ ಕೆಲಸ ನಿಮ್ಮದು. ಹಗ್ಗ ಉಳಿಯುವುದೋ ಅಳಿಯುವುದೋ ಎಂಬುದು ತೀರ್ಮಾನವಾಗುವುದು ಮೀನು ಕೊಯ್ಯುವ ಜಾಗದಲ್ಲಿ, ಮೊದಲ ಕೆಲವು ಗಂಟೆಗಳಲ್ಲಿ.

ಚರ್ಮದ ಸಂಗ್ರಹಣೆ: ಹೀಗೆ ಮಾಡಿ

1. ಮೀನು ಕೊಯ್ಯುವ ಮೇಜಿನ ಬಳಿ ಮೂರು ಬುಟ್ಟಿಗಳಿರಲಿ: ಒಂದು ಚರ್ಮಕ್ಕೆ, ಒಂದು ಹುರುಪೆಗೆ, ಇನ್ನೊಂದು ಕರುಳು, ಕಿವಿರು, ತಲೆಗಳಿಗೆ. ಕರುಳಿನಲ್ಲಿ ಜೀರ್ಣರಸವೂ ಸೂಕ್ಷ್ಮಜೀವಿಗಳೂ ತುಂಬಿರುವುದರಿಂದ ಅದು ಚರ್ಮಕ್ಕೆ ತಗಲದಂತೆ ನೋಡಿಕೊಳ್ಳುವುದು ಮೊದಲ ನಿಯಮ.

2. ಚರ್ಮದ ಒಳಬದಿಯ ಮಾಂಸವನ್ನು ಮೊಂಡು ಚೂರಿಯಿಂದ ಕೆರೆಯಿರಿ. ಬಿಸಿನೀರನ್ನು ಬಳಸಬೇಡಿ. ಬಿಸಿ ತಗಲಿದರೆ ಚರ್ಮ ಮುದುಡಿ ಹುರಿ ಬಿಚ್ಚಿಕೊಳ್ಳುತ್ತದೆ.

3. ಶುದ್ಧವಾದ ತಣ್ಣೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ.

4. ಕೂಡಲೇ ಪುಡಿಮಾಡಿದ ಐಸಿನ ನಡುವೆ ಪದರ ಪದರವಾಗಿ ಇಡಿ. ಒಂದು ಕಿಲೋ ಚರ್ಮಕ್ಕೆ ಒಂದು ಕಿಲೋ ಐಸ್ ಇರಲಿ. ಕರಗಿದ ನೀರು ಹರಿದುಹೋಗಲು ಪೆಟ್ಟಿಗೆಯ ತಳದಲ್ಲಿ ತೂತು ಇರಬೇಕು.

5. ಅದೇ ದಿನ ಸಾಗಿಸಲು ಆಗದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಳೆಯಂತೆ ಹರವಿ ಮೈನಸ್ 18 ಡಿಗ್ರಿಯ ಶೀತಪೆಟ್ಟಿಗೆಯಲ್ಲಿ ಇಡಿ. ಚೀಲದ ಮೇಲೆ ಮೀನಿನ ಜಾತಿ, ದಿನಾಂಕ, ತೂಕ ಬರೆಯಿರಿ. ಬೇರೆ ಬೇರೆ ಜಾತಿಯ ಮೀನಿನ ಚರ್ಮವನ್ನು ಬೆರೆಸಬೇಡಿ.

6. ಕೆಡದಿರಲೆಂದು ಫಾರ್ಮಲಿನ್ ಹಾಕಲೇಬೇಡಿ. ಅದು ವಿಷ. ಅಲ್ಲದೆ ತೊಗಲು ಹದಮಾಡಿದಂತೆ ಕೊಲಾಜನ್ ಎಳೆಗಳನ್ನು ಒಂದಕ್ಕೊಂದು ಬಿಗಿದುಬಿಡುತ್ತದೆ. ಅಂಥ ಚರ್ಮದಿಂದ ಕೊಲಾಜನ್ ಬರುವುದಿಲ್ಲ. ಉಪ್ಪು ಹಾಕಿದ ಚರ್ಮ ಬೇಕೋ ಬೇಡವೋ ಎಂಬುದನ್ನು ಕೊಳ್ಳುವವರಿಂದ ಮೊದಲೇ ತಿಳಿದುಕೊಳ್ಳಿ.

ಹುರುಪೆಯ ಸಂಗ್ರಹಣೆ ಇದಕ್ಕಿಂತ ಸುಲಭ. ಐಸ್ ಇಲ್ಲದ ಊರಿನವರು ಇದರಿಂದಲೇ ಪ್ರಾರಂಭಿಸಬಹುದು. ಹುರುಪೆಯನ್ನು ತೆಗೆದ ಕೂಡಲೇ ರಕ್ತ, ಲೋಳೆ ಹೋಗುವಂತೆ ನಾಲ್ಕಾರು ಸಲ ತೊಳೆಯಿರಿ. ರೆಕ್ಕೆ, ಮಾಂಸದ ಚೂರುಗಳನ್ನು ಆರಿಸಿ ತೆಗೆಯಿರಿ. ನೆಲದ ಮೇಲೆ ಹರಡದೆ, ಕಟ್ಟಿಗೆಯ ಚೌಕಟ್ಟಿಗೆ ಬಿಗಿದ ಬಲೆಯ ಮೇಲೆ ತೆಳ್ಳಗೆ ಹರವಿ, ಆಗಾಗ ಕೈಯಾಡಿಸುತ್ತ ಒಣಗಿಸಿ. ಕೈಯಲ್ಲಿ ಹಿಡಿದರೆ ಗರಗರ ಎನ್ನಬೇಕು, ಒಂದಕ್ಕೊಂದು ಅಂಟಬಾರದು. ಒಣಗಿದ್ದನ್ನು ತೇವ ತಗಲದ ಚೀಲಗಳಲ್ಲಿ ಕಟ್ಟಿಡಿ. ಬಾಂಗ್ಲಾದೇಶದ ಮೀನು ಪೇಟೆಗಳಲ್ಲಿ ಮೀನು ಕೊಯ್ಯುವವರು ಹೀಗೆ ಒಣಗಿಸಿದ ಹುರುಪೆಯನ್ನು ವ್ಯಾಪಾರಿಗಳಿಗೆ ಮಾರುತ್ತಾರೆ. ಅದು ಹೊರದೇಶಗಳಿಗೆ ರಫ್ತಾಗುತ್ತದೆ.

ಮಾಡಿ ನೋಡಿ: ಎರಡು ಪಾತ್ರೆಗಳ ಪ್ರಯೋಗ

ತಾಜಾತನದ ಬೆಲೆಯನ್ನು ಕಣ್ಣಾರೆ ಕಾಣಲು ಈ ಚಿಕ್ಕ ಪ್ರಯೋಗವನ್ನು ಸಂಘದ ಸಭೆಯಲ್ಲಿ ಮಾಡಬಹುದು. ಇದರಲ್ಲಿ ಕಾಸ್ಟಿಕ್ ಸೋಡಾದ ಬಳಕೆ ಇಲ್ಲ. ದೊರೆಯುವುದು ಕೊಲಾಜನ್ ಅಲ್ಲ, ಜೆಲಟಿನ್. ಇದನ್ನು ತಿನ್ನಲು ಬಳಸಬೇಡಿ.

ಒಂದೇ ಜಾತಿಯ ಮೀನಿನ ಚರ್ಮವನ್ನು ಅರ್ಧ ಅರ್ಧ ಕಿಲೋದ ಎರಡು ಪಾಲು ಮಾಡಿ. ಒಂದನ್ನು ಐಸಿನಲ್ಲಿಡಿ. ಇನ್ನೊಂದನ್ನು ಆರೇಳು ಗಂಟೆ ಹೊರಗೆ ಬಿಡಿ. ಅನಂತರ ಎರಡಕ್ಕೂ ಬೇರೆ ಬೇರೆ ಸ್ಟೀಲ್ ಪಾತ್ರೆಗಳಲ್ಲಿ ಒಂದೇ ಕ್ರಮ ಅನುಸರಿಸಿ.

ಚೂರುಮಾಡಿದ ಚರ್ಮವನ್ನು ಲೀಟರಿಗೆ 45 ಗ್ರಾಂ ಉಪ್ಪು ಹಾಕಿದ ತಣ್ಣೀರಿನಲ್ಲಿ ಹತ್ತು ನಿಮಿಷ ಕದಡಿ, ಬಸಿದು, ತೊಳೆಯಿರಿ. ಮೂರು ಲೀಟರ್ ತಣ್ಣೀರಿಗೆ ಶೇ. 4ರ ವಿನೆಗರ್ 225 ಮಿಲಿಲೀಟರ್ ಬೆರೆಸಿ, ಅದರಲ್ಲಿ ಚರ್ಮವನ್ನು ಮೂರು ಗಂಟೆ ತಂಪಿನಲ್ಲಿ ನೆನೆಸಿ. ಚರ್ಮ ಉಬ್ಬುವುದನ್ನು ಗಮನಿಸಿ. ಹುಳಿ ವಾಸನೆ ಹೋಗುವವರೆಗೆ ತೊಳೆದು, ಒಂದೂವರೆ ಲೀಟರ್ ನೀರು ಹಾಕಿ, ಈ ಪಾತ್ರೆಯನ್ನು ಬಿಸಿನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು 45ರಿಂದ 50 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಕಾಯಿಸಿ. ಕುದಿಸಬಾರದು. ತೆಳು ಬಟ್ಟೆಯಲ್ಲಿ ಸೋಸಿ ಒಂದು ರಾತ್ರಿ ರೆಫ್ರಿಜರೇಟರಿನಲ್ಲಿ ಇಡಿ.

ಐಸಿನಲ್ಲಿಟ್ಟಿದ್ದ ಚರ್ಮದ ದ್ರವ ಗಟ್ಟಿಯಾಗಿ ನಿಂತು, ಅಂಗೈ ಮೇಲೆ ಇಟ್ಟರೆ ಕರಗುತ್ತದೆ. ಹೊರಗೆ ಬಿಟ್ಟ ಚರ್ಮದ್ದು ವಾಸನೆಯಿಂದ ಕೂಡಿ ಸಡಿಲವಾಗಿರುತ್ತದೆ. ಚರ್ಮ ಎಷ್ಟು ಕೆಟ್ಟಿದೆಯೋ ಅಷ್ಟು ಸಡಿಲ. ಕೊಳ್ಳುವವನ ಪರೀಕ್ಷೆಯೂ ಇದೇ ಬಗೆಯದು.

ಉಳಿದ ತ್ಯಾಜ್ಯದ ಉಪಯೋಗ

ತಲೆ, ಕರುಳು, ಮುಳ್ಳುಗಳನ್ನು ಎಸೆಯಬೇಕಾಗಿಲ್ಲ. ರಬ್ಬರ್ ಬೆಳೆಗಾರರು ಹಾಲು ಹೆಪ್ಪುಗಟ್ಟಿಸಲು ಬಳಸುವ ಫಾರ್ಮಿಕ್ ಆಮ್ಲದಿಂದಲೇ ಇದನ್ನು ಮೀನಿನ ಸೈಲೇಜ್ ಮಾಡಬಹುದು. ನುಣ್ಣಗೆ ಅರೆದ 100 ಕಿಲೋ ತ್ಯಾಜ್ಯಕ್ಕೆ 3.5 ಕಿಲೋ ಗಟ್ಟಿ ಫಾರ್ಮಿಕ್ ಆಮ್ಲವನ್ನು ಪ್ಲಾಸ್ಟಿಕ್ ಪೀಪಾಯಿಯಲ್ಲಿ ಚೆನ್ನಾಗಿ ಬೆರೆಸಿ ದಿನಕ್ಕೊಮ್ಮೆ ಕದಡಬೇಕು. ನಮ್ಮ ಹವೆಯಲ್ಲಿ ಕೆಲವೇ ದಿನಗಳಲ್ಲಿ ಅದು ನೀರಾಗಿ, ಕೊಳೆಯದೆ ಉಳಿಯುತ್ತದೆ. ಆಮ್ಲ ಮೈಗೆ ತಗಲಿದರೆ ಸುಡುತ್ತದೆ. ರಬ್ಬರಿನ ಕೈಗವಸು ಮತ್ತು ಕನ್ನಡಕ ಧರಿಸಿಯೇ ಕೆಲಸ ಮಾಡಬೇಕು. ಪಶು ಆಹಾರವಾಗಿ ಬಳಸುವ ಮೊದಲು ತಜ್ಞರ ಸಲಹೆ ಪಡೆಯಿರಿ.

ಅಷ್ಟು ತೊಂದರೆ ಬೇಡವೆನ್ನುವವರು ಗುಂಡಿಯಲ್ಲಿ ತರಗೆಲೆ, ತೆಂಗಿನ ನಾರಿನ ಪುಡಿಗಳ ನಡುವೆ ತ್ಯಾಜ್ಯವನ್ನು ಪದರ ಪದರವಾಗಿ ಹಾಕಿ, ಮೇಲೆ ಅರ್ಧ ಅಡಿ ಮಣ್ಣು ಮುಚ್ಚಿ ಕಾಂಪೋಸ್ಟ್ ಮಾಡಿಕೊಳ್ಳಬಹುದು. ಕರಾವಳಿಯಲ್ಲಿ ತೆಂಗಿನ ಬುಡಕ್ಕೆ ಮೀನಿನ ಗೊಬ್ಬರ ಹಾಕುವ ಪದ್ಧತಿ ಹಳೆಯದು. ವೃಕ್ಷಾಯುರ್ವೇದದ ಕುಣಪಜಲದಲ್ಲಿಯೂ ಮೀನಿನ ಬಳಕೆ ಇದೆ.

ಮಾರಾಟಕ್ಕೆ ಮುಂಚೆ

ಒಬ್ಬ ರೈತನ ಕೊಳದಿಂದ ಸಿಗುವ ಚರ್ಮಕ್ಕಾಗಿ ಯಾವ ಕಾರ್ಖಾನೆಯೂ ಗಾಡಿ ಕಳಿಸುವುದಿಲ್ಲ. ಹತ್ತಾರು ಜನ ಸೇರಿ, ಮೀನುಗಾರರ ಸಹಕಾರ ಸಂಘ ಅಥವಾ ಉತ್ಪಾದಕರ ಕಂಪನಿಯ ಮೂಲಕ ಒಟ್ಟುಗೂಡಿಸಿದರೆ ಮಾತ್ರ ಮಾತಿಗೆ ಬೆಲೆ ಬರುತ್ತದೆ. ಕೊಳ್ಳುವವರಿಂದ ಈ ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಿರಿ: ಯಾವ ಜಾತಿಯ ಮೀನು? ಐಸಿನಲ್ಲಿಟ್ಟದ್ದೋ, ಹೆಪ್ಪುಗಟ್ಟಿಸಿದ್ದೋ, ಒಣಗಿಸಿದ್ದೋ? ಒಂದು ಸಲಕ್ಕೆ ಕನಿಷ್ಠ ಎಷ್ಟು? ಸಾಗಾಣಿಕೆ ಯಾರ ಖರ್ಚು? ತಿರಸ್ಕರಿಸಿದರೆ ನಷ್ಟ ಯಾರದು? ಹಣ ಎಷ್ಟು ದಿನದಲ್ಲಿ? ಕರಾವಳಿಯವರು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧದ ಅವಧಿಯನ್ನೂ ಒಪ್ಪಂದದಲ್ಲಿ ನಮೂದಿಸಬೇಕು. ಆ ದಿನಗಳಲ್ಲಿ ಕೊಳದ ಮೀನಿನ ಚರ್ಮಕ್ಕೆ ಹೆಚ್ಚಿನ ಅವಕಾಶ ಸಿಗಬಹುದು. ಈ ಎಲ್ಲ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆಯೇ ಶೀತಪೆಟ್ಟಿಗೆಗೆ ಹಣ ಹಾಕಿ.

ಕೊಲಾಜನ್ ಪುಡಿಯ ಜಾಹೀರಾತುಗಳನ್ನೂ ವಿವೇಕದಿಂದ ನೋಡಬೇಕು. ತಿಂದ ಕೊಲಾಜನ್ ನೆಟ್ಟಗೆ ಹೋಗಿ ಮುಖದ ಚರ್ಮದಲ್ಲಿ ಕೂರುವುದಿಲ್ಲ. ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಅಮೈನೋ ಆಮ್ಲಗಳೂ ಚಿಕ್ಕ ತುಣುಕುಗಳೂ ಆಗುತ್ತದೆ. ದೇಹಕ್ಕೆ ಅತ್ಯವಶ್ಯವಾದ ಟ್ರಿಪ್ಟೋಫಾನ್ ಎಂಬ ಅಮೈನೋ ಆಮ್ಲ ಕೊಲಾಜನ್‌ನಲ್ಲಿ ಇಲ್ಲ. ಆದುದರಿಂದ ಅದು ಮೀನು, ಮೊಟ್ಟೆ, ಬೇಳೆಗಳಿಗೆ ಬದಲಿಯಾಗಲಾರದು. ಮೀನು ಒಗ್ಗದವರಿಗೆ ಮೀನಿನ ಕೊಲಾಜನ್ ಕೂಡ ಒಗ್ಗದಿರಬಹುದು.

ಎಲ್ಲಿ ವಿಚಾರಿಸಬೇಕು?

ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ 1957ರಿಂದ ಮೀನಿನ ಸಂಸ್ಕರಣೆ ಮತ್ತು ತ್ಯಾಜ್ಯದ ಸದುಪಯೋಗದ ಬಗ್ಗೆ ಕೆಲಸ ಮಾಡುತ್ತಿದೆ. ಮೀನಿನ ಕೊಲಾಜನ್ ಮತ್ತು ಪೆಪ್ಟೈಡ್ ತಯಾರಿಕೆಯ ತಂತ್ರಗಳೂ ಅಲ್ಲಿ ರೂಪುಗೊಂಡಿವೆ. ನಮ್ಮ ರಾಜ್ಯದಲ್ಲಿ 1969ರಲ್ಲಿ ಪ್ರಾರಂಭವಾದ ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ ಇದೆ. ಅದು ಈಗ ಬೀದರಿನಲ್ಲಿ ಕೇಂದ್ರ ಕಚೇರಿ ಇರುವ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಿಮ್ಮ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯನ್ನು ಅಥವಾ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು ಮೊದಲು ಸಂಪರ್ಕಿಸಿ. ಹೋಗುವಾಗ ಒಂದು ತಿಂಗಳು ತೂಗಿ ಬರೆದ ನಿಮ್ಮ ಲೆಕ್ಕದ ಪುಸ್ತಕವನ್ನು ಜೊತೆಗೆ ಒಯ್ಯಿರಿ.

ಅಭ್ಯಾಸದ ಪ್ರಶ್ನೆಗಳು

1. ಕೊಲಾಜನ್, ಜೆಲಟಿನ್ ಮತ್ತು ಪೆಪ್ಟೈಡ್‌ಗಳ ವ್ಯತ್ಯಾಸವನ್ನು ಹಗ್ಗದ ಹೋಲಿಕೆಯಿಂದ ವಿವರಿಸಿರಿ.

2. ಕಾಟ್ಲಾ ಮೀನಿನ ಕೊಲಾಜನ್ ಕಾಡ್ ಮೀನಿನದಕ್ಕಿಂತ ಹೆಚ್ಚು ಬಿಸಿ ತಡೆಯುವುದೇಕೆ?

3. ಇಪ್ಪತ್ತು ಕಿಲೋ ಚರ್ಮಕ್ಕೆ ಎಷ್ಟು ಲೀಟರ್ ಕ್ಷಾರದ ನೀರು ಹೊರಬರುತ್ತದೆ? ಅದನ್ನು ಹೊಲಕ್ಕೆ ಬಿಡಬಾರದೇಕೆ?

4. ಚರ್ಮಕ್ಕೆ ಫಾರ್ಮಲಿನ್ ಹಾಕಬಾರದೆನ್ನಲು ಎರಡು ಕಾರಣ ಕೊಡಿರಿ.

5. ನಿಮ್ಮ ಊರಿನಲ್ಲಿ ವಾರಕ್ಕೆ ಎಷ್ಟು ಹುರುಪೆ ಮತ್ತು ಚರ್ಮ ದೊರೆಯುತ್ತದೆ? ಲೆಕ್ಕ ಬರೆದು ಸಂಘದ ಸಭೆಯ ಮುಂದಿಡಿರಿ.